ಊರು ಬಿಡದೆ ಉಳಿದವರು: ಈಮ್‌ನಲ್ಲಿ ಮೂರು ದಿನ

ಶುಕ್ರವಾರ

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಅಕ್ಕನ ಮನೆ. ಅಲ್ಲಿಂದ ಈಮ್ ಅನ್ನುವ ಹಳ್ಳಿಗೆ ಹೋಗುವ ಬಸ್ಸು ಪೇಟೆ ದಾಟಿದ ಸ್ವಲ್ಪ ಹೊತ್ತಿಗೇ ಬೋಳು ಗುಡ್ಡ ಹತ್ತುತ್ತದೆ. ಆಗಸ್ಟ್ ಕೊನೆ. ಹೆದರ್ ಅಂತ ಒಂದು ಕುರುಚಲು ಗಿಡ, ಮೊಣಕಾಲುದ್ದ ಕೂಡ ಇರಲ್ಲ, ಅದು ಹೂ ಬಿಟ್ಟು ಕಣ್ಣು ಹಾಯುವಷ್ಟು ದೂರವೂ ನೇರಳೆ. ಆಮೇಲೆ ಇಳಿಜಾರು, ಕಲ್ಲುಗೋಡೆ ಹಾಕಿದ ಹೊಲಗಳು, ಕುರಿ, ಮತ್ತೆ ಏರು. ಡಾರ್ಬಿಶೈರ್‌ನ ಈ ಸೀಮೆಗೆ ಪೀಕ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಆಗಿದ್ದು ಇದೇ, 1951ರಲ್ಲಿ.

ನಾನು ಈ ಊರಿಗೆ ಬರಬೇಕು ಅಂತ ಹಟ ಹಿಡಿದಿದ್ದಕ್ಕೆ ನಮ್ಮಜ್ಜಿ ಕಾರಣ. ತುಮಕೂರಿನ ಕಡೆ ನಮ್ಮೂರಲ್ಲಿ ಪ್ಲೇಗು ಬಂದಾಗಿನ ಕಥೆಯನ್ನು ಅವರು ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ಜಂತೆಯಿಂದ ಒಂದು ಇಲಿ ಸತ್ತು ಬಿದ್ದರೆ ಸಾಕು, ಮಾರನೇ ದಿನ ಊರು ಖಾಲಿ. ಗಾಡಿಗೆ ಪಾತ್ರೆ ಪಡಗ, ರಾಗಿ ಮೂಟೆ ಹೇರಿಕೊಂಡು, ದನ ಕರು ಹೊಡೆದುಕೊಂಡು, ಹೊಲದಲ್ಲಿ ಗುಡ್ಲು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಬಾಳುವೆ. ಅದಕ್ಕೆ ‘ಊರು ಬಿಡೋದು’ ಅಂತಲೇ ಹೆಸರು. ‘ಬಿಟ್ಟೋರು ಉಳುದ್ರು, ಮನೆ ಮೇಲೆ ಆಸೆ ಪಟ್ಟೋರು ಹೋದ್ರು’ ಅಂತ ಅಜ್ಜಿ ಕಥೆ ಮುಗಿಸುತ್ತಿದ್ದರು. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದ ಮೇಲೆ ತಾನೇ ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಗೆ ಹೋಗಲಿ ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದಿದ್ದು. ನಮಗೆ ಗೊತ್ತಿರುವ ಪ್ಲೇಗಿನ ಬುದ್ಧಿ ಒಂದೇ, ಬಿಟ್ಟು ಹೋಗು.

ಹಾಗಿರುವಾಗ, ಪ್ಲೇಗು ಬಂದರೂ ಊರು ಬಿಡದೆ, ಬೇರೆ ಊರಿಗೆ ರೋಗ ಹೋಗಬಾರದು ಅಂತ ತಮ್ಮನ್ನು ತಾವೇ ಕೂಡಿಹಾಕಿಕೊಂಡ ಒಂದು ಹಳ್ಳಿ ಇದೆ ಅಂತ ಅಕ್ಕ ಫೋನಿನಲ್ಲಿ ಹೇಳಿದಾಗಿನಿಂದ ನನ್ನ ತಲೆಯಲ್ಲಿ ಅದೇ ಪ್ರಶ್ನೆ. ಯಾಕೆ ಬಿಡಲಿಲ್ಲ? ಯಾರು ಹೇಳಿದರು, ಯಾರು ಒಪ್ಪಿದರು?

ಊರು ಚಿಕ್ಕದು. ಒಂದು ಉದ್ದನೆಯ ಬೀದಿ, ಎರಡೂ ಕಡೆ ಬೂದು ಕಲ್ಲಿನ ಮನೆಗಳು, ಬಾಗಿಲ ಪಕ್ಕದಲ್ಲಿ ಗುಲಾಬಿ ಬಳ್ಳಿ. ಹಿಂದೆ ಸೀಸದ ಗಣಿ ಕೆಲಸ, ಕುರಿ, ಬೇಸಾಯ ಇಷ್ಟೇ ಇಲ್ಲಿನ ಬದುಕು. ಬೀದಿ ಬದಿಯಲ್ಲಿ ಕಲ್ಲಿನ ತೊಟ್ಟಿಗಳಿವೆ. ಬೆಟ್ಟದ ನೀರನ್ನು ಕೊಳವೆಯಲ್ಲಿ ತಂದು ಊರಿಗೆಲ್ಲ ಸಿಗುವ ಹಾಗೆ 1588ರಲ್ಲೇ ಮಾಡಿಕೊಂಡಿದ್ದರಂತೆ. ನಾವು ರೂಮು ಹಿಡಿದ ಮನೆಯ ಎದುರಿಗೇ ಅಂಥ ಒಂದು ತೊಟ್ಟಿ. ನಾನು ಕೈ ಅದ್ದಿ ನೋಡಿದೆ, ಆಗಸ್ಟಿನಲ್ಲೂ ಕೈ ಕೊರೆಯುವಷ್ಟು ತಂಪು.

ಸಂಜೆ ಸುಮ್ನೆ ಅಡ್ಡಾಡುತ್ತಿದ್ದಾಗ ಒಂದು ಶೆಡ್ಡಿನಲ್ಲಿ ಏಳೆಂಟು ಜನ ಹೆಂಗಸರು, ಇಬ್ಬರು ಗಂಡಸರು ಬಗ್ಗಿ ಕೂತು ಏನೋ ಮಾಡುತ್ತಿದ್ದರು. ‘ಬನ್ನಿ ಬನ್ನಿ’ ಅಂತ ಒಳಗೆ ಕರೆದರು. ಅಲ್ಲಿ ನಡೆಯುತ್ತಿದ್ದದ್ದು ಬಾವಿ ಅಲಂಕಾರ, ಅಂದರೆ ಊರಿನ ಬಾವಿ, ಊಟೆಗಳ ಪಕ್ಕ ನಿಲ್ಲಿಸುವುದಕ್ಕೆ ಹೂವಿನ ಚಿತ್ರದ ಹಲಗೆ ಮಾಡುವುದು. ಡಾರ್ಬಿಶೈರ್ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಒಂದೊಂದು ಊರಿಗೆ ಒಂದೊಂದು ವಾರ ಇದು ನಡೆಯುತ್ತದೆ, ಈಮ್‌ನ ಸರದಿ ಆಗಸ್ಟ್ ಕೊನೆಗೆ. ಬಾಗಿಲಷ್ಟು ದೊಡ್ಡ ಮರದ ಹಲಗೆ, ಸುತ್ತ ಅಂಚು. ಅದನ್ನು ಮೊದಲೇ ನೀರಿನಲ್ಲಿ ನೆನೆಹಾಕಿ, ಮೇಲೆ ಉಪ್ಪು ಕಲಸಿದ ಜೇಡಿಮಣ್ಣು ಮೆತ್ತಿರುತ್ತಾರೆ. ಉಪ್ಪು ಯಾಕೆ ಅಂದರೆ ಮಣ್ಣು ಬೇಗ ಒಣಗಿ ಬಿರುಕು ಬಿಡಬಾರದು. ಚಿತ್ರ ಬರೆದ ಕಾಗದವನ್ನು ಮಣ್ಣಿನ ಮೇಲೆ ಹಾಸಿ, ಗೆರೆಯ ಉದ್ದಕ್ಕೂ ಚುಚ್ಚಿ ಅಚ್ಚು ಇಳಿಸಿಕೊಂಡು, ಆ ಗೆರೆಗೆ ಕಾಳು, ಬೀಜ ಒತ್ತಿ, ಆಮೇಲೆ ಹೂವಿನ ಎಸಳು ತುಂಬುತ್ತಾರೆ. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ನೀಲಿ ಹೈಡ್ರಾಂಜಿಯಾ ಎಸಳುಗಳನ್ನು ಒಂದೊಂದಾಗಿ ಬಿಡಿಸಿ ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತಿದ್ದರು, ಹೆಂಚು ಹೊದಿಸಿದ ಹಾಗೆ ಒಂದರ ತುದಿ ಇನ್ನೊಂದರ ಮೇಲೆ. ಮಳೆ ಬಂದರೆ ನೀರು ಎಸಳಿನ ಮೇಲೆ ಜಾರಿ ಹೋಗಬೇಕು, ಒಳಗೆ ಇಳಿಯಬಾರದು. ಅಕ್ಕನಿಗೂ ಒಂದು ಮೂಲೆ ಬಿಟ್ಟುಕೊಟ್ಟರು. ರಂಗೋಲಿಯ ಎಳೆ ಎಳೆದ ಬೆರಳು, ಚಕಚಕ ಅಂತ ತುಂಬಿದಳು. ಆ ಅಜ್ಜಿ ಕೈ ನಿಲ್ಲಿಸಿ ನೋಡಿದರು. ‘ಎಲ್ಲಿ ಕಲಿತೆ?’ ಅಂತ ಕೇಳಿದರು. ಅಕ್ಕ ಫೋನು ತೆಗೆದು ಸಂಕ್ರಾಂತಿಯ ದಿನ ಊರ ಮನೆ ಬಾಗಿಲಲ್ಲಿ ಹಾಕಿದ್ದ ರಂಗೋಲಿಯ ಫೋಟೋ ತೋರಿಸಿದಳು. ಆ ಶೆಡ್ಡಿನಲ್ಲಿ ಎಲ್ಲರ ಕೈಗೂ ಆ ಫೋನು ಹೋಗಿ ಬಂತು.

ಶನಿವಾರ

ಬೆಳಿಗ್ಗೆ ಮೊದಲು ನೋಡಿದ್ದು ಚರ್ಚಿನ ಪಕ್ಕದ ಸಾಲುಮನೆಗಳು. ಪ್ಲೇಗಿನ ಮನೆಗಳು ಅಂತಲೇ ಕರೆಯುತ್ತಾರೆ. ಈಗಲೂ ಜನ ವಾಸ ಇದ್ದಾರೆ, ಕಿಟಕಿಯಲ್ಲಿ ಪರದೆ, ಬಾಗಿಲಲ್ಲಿ ಹಾಲಿನ ಬಾಟಲಿ. ಮುಂದೆ ಹಸಿರು ಬಣ್ಣದ ಫಲಕದಲ್ಲಿ ಆ ಮನೆಯಲ್ಲಿ ಸತ್ತವರ ಹೆಸರು, ತಾರೀಖು.

ಮೊದಲನೆಯ ಮನೆ ಮೇರಿ ಹ್ಯಾಡ್‌ಫೀಲ್ಡ್ ಅನ್ನುವವಳದು. ಮೊದಲ ಗಂಡ ತೀರಿಕೊಂಡ ಮೇಲೆ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್ ಅನ್ನುವ ದರ್ಜಿಯನ್ನು ಮದುವೆಯಾಗಿದ್ದಳು. ಮನೆಯಲ್ಲಿ ಅವಳ ಇಬ್ಬರು ಗಂಡುಮಕ್ಕಳು, ಜೊತೆಗೆ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಜೋರಾಗಿತ್ತು. ಅಲ್ಲಿಂದ ಬಂದ ಬಟ್ಟೆಯ ಗಂಟು ತೇವವಾಗಿತ್ತು ಅಂತ ವಿಕರ್ಸ್ ಅದನ್ನು ಬಿಚ್ಚಿ ಬೆಂಕಿ ಮುಂದೆ ಹರವಿದ. ಸೆಪ್ಟೆಂಬರ್ 7ಕ್ಕೆ ಅವನು ಹೋದ. 22ಕ್ಕೆ ಮೇರಿಯ ಚಿಕ್ಕ ಮಗ ಎಡ್ವರ್ಡ್, 4 ವರ್ಷ. ಅಕ್ಟೋಬರ್ 2ಕ್ಕೆ ದೊಡ್ಡವನು ಜೋನಾಥನ್, 12 ವರ್ಷ. ಮಾರನೇ ವರ್ಷ ಆಗಸ್ಟ್ 3ಕ್ಕೆ ಗಂಡ. ಮೇರಿ ಒಬ್ಬಳೇ ಉಳಿದಳು. ಬಳಗದಲ್ಲಿ 13 ಜನರನ್ನು ಕಳೆದುಕೊಂಡಳು ಅಂತ ಫಲಕ ಹೇಳುತ್ತದೆ. ಪಕ್ಕದ ಇನ್ನೊಂದು ಮನೆಯ ಮುಂದೆ ಥಾರ್ಪ್ ಕುಟುಂಬದ 9 ಹೆಸರು.

ನಾನು ಆ ಫಲಕವನ್ನು ಎರಡು ಸಲ ಓದಿದೆ. ತೇವವಾದ ಬಟ್ಟೆಯನ್ನು ಬಿಚ್ಚಿ ಆರಹಾಕುವುದು ಎಷ್ಟು ಸಾಮಾನ್ಯ ಕೆಲಸ ನೋಡಿ. ದಿನಾ ಮಾಡುತ್ತೇವೆ. ಆ ಗಂಟಿನಲ್ಲಿ ಚಿಗಟ ಇದ್ದಿರಬಹುದು ಅಂತ ಹೇಳಲು ಆಗ ಯಾರಿಗೂ ಸಾಧ್ಯವಿರಲಿಲ್ಲ. ಪ್ಲೇಗಿನ ಸೂಕ್ಷ್ಮಾಣು ಗೊತ್ತಾಗಿದ್ದು 1894ರಲ್ಲಿ, ಹಾಂಗ್‌ಕಾಂಗಿನಲ್ಲಿ. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತದೆ ಅಂತ ಪಾಲ್ ಲೂಯಿ ಸಿಮೊಂಡ್ ಕಂಡುಕೊಂಡಿದ್ದು 1898ರಲ್ಲಿ, ನಮ್ಮ ಕಡೆಯ ಪ್ಲೇಗಿನ ಸಮಯದಲ್ಲೇ, ಕರಾಚಿಯಲ್ಲಿ. ನಮ್ಮಜ್ಜಿಯ ಊರವರಿಗೆ ಕೊನೇಪಕ್ಷ ಇಲಿ ಬಿದ್ದರೆ ಅಪಾಯ ಅಂತ ಗೊತ್ತಿತ್ತು. ಈಮ್‌ನವರಿಗೆ ಅದೂ ಗೊತ್ತಿರಲಿಲ್ಲ. ಈಗ ಇಲ್ಲಿನ ಮ್ಯೂಸಿಯಂ ಮಾಳಿಗೆ ಮೇಲೆ ಗಾಳಿ ದಿಕ್ಕು ತೋರಿಸಲು ನಿಲ್ಲಿಸಿರುವುದು ಒಂದು ಇಲಿಯನ್ನೇ.

ಸಂತ ಲಾರೆನ್ಸ್ ಚರ್ಚಿನ ಅಂಗಳದಲ್ಲಿ 8ನೇ ಶತಮಾನದ ಒಂದು ಕಲ್ಲಿನ ಶಿಲುಬೆ ಇದೆ. ಮೈತುಂಬ ಸುರುಳಿ ಬಳ್ಳಿಯ ಕೆತ್ತನೆ, ಮೇಲ್ಗಡೆ ಒಂದಷ್ಟು ಭಾಗ ಕಳೆದುಹೋಗಿದೆ. ಗೋಡೆಯ ಮೇಲೆ 1775ರ ಬಿಸಿಲು ಗಡಿಯಾರ. ಆ ಶಿಲುಬೆಯ ಹತ್ತಿರದಲ್ಲೇ ಕ್ಯಾಥರೀನ್ ಮಾಂಪೆಸನ್ ಸಮಾಧಿ. ಪಾದ್ರಿ ವಿಲಿಯಂ ಮಾಂಪೆಸನ್ ಅವರ ಹೆಂಡತಿ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ನನ್ನ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಮೊದಲ ಚಳಿಗಾಲ ಬಂದಾಗ ಸಾವು ಕಡಿಮೆಯಾಗಿತ್ತು. 1666ರ ಬೇಸಿಗೆಯಲ್ಲಿ ಮತ್ತೆ ಏರಿತು. ಊರು ಬಿಡೋಣ ಅಂತ ಜನ ತಯಾರಾದರು. ಅನುಕೂಲಸ್ಥರು ಕೆಲವರು ಆಗಲೇ ಹೊರಟುಹೋಗಿದ್ದರು. ಮಾಂಪೆಸನ್‌ಗೆ ಆಗ 28 ವರ್ಷ, ಊರಿಗೆ ಬಂದು ಬಹಳ ದಿನ ಆಗಿರಲಿಲ್ಲ. ಜನರಿಗೆ ನಂಬಿಕೆ ಇದ್ದದ್ದು ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಮೇಲೆ. ರಾಜನ ಕಾಲದ ಹೊಸ ಧರ್ಮ ಕಾನೂನಿಗೆ ತಲೆಬಾಗಲಿಲ್ಲ ಅಂತ 1662ರ ಹೊತ್ತಿಗೆ ಅವರನ್ನು ಚರ್ಚಿನಿಂದ ತೆಗೆದಿದ್ದರು. ಇಬ್ಬರ ಪಂಥ ಬೇರೆ, ಮನಸ್ಸು ಕೂಡುವಂಥದ್ದಲ್ಲ. ಆದರೂ ಇಬ್ಬರೂ ಒಟ್ಟಿಗೆ ನಿಂತು ಊರ ಮುಂದೆ ಮೂರು ಮಾತು ಇಟ್ಟರು. ಸತ್ತವರನ್ನು ಅವರವರ ಮನೆಯವರೇ, ಚರ್ಚಿನ ಅಂಗಳಕ್ಕೆ ತರದೆ, ತಮ್ಮ ಹಿತ್ತಲು ಹೊಲಗಳಲ್ಲಿ ಹೂಳಬೇಕು. ಪ್ರಾರ್ಥನೆ ಚರ್ಚಿನ ಒಳಗಲ್ಲ, ಬಯಲಲ್ಲಿ. ಮತ್ತೆ ಊರಿನ ಗಡಿ ದಾಟಿ ಯಾರೂ ಹೋಗಬಾರದು, ಯಾರೂ ಬರಬಾರದು. ಹತ್ತಿರದ ಚಾಟ್ಸ್‌ವರ್ತ್ ಅರಮನೆಯಲ್ಲಿದ್ದ ಡೆವನ್‌ಶೈರ್ ದೊರೆ ಊಟದ ಸಾಮಾನು ಕಳಿಸುವುದಕ್ಕೆ ಒಪ್ಪಿದ.

ಎಲ್ಲ ಕಡೆ ಮಾಂಪೆಸನ್ ಹೆಸರೇ ದೊಡ್ಡದಾಗಿ ಬರುತ್ತದೆ. ನನಗೆ ಅನಿಸಿದ್ದು, ಸ್ಟ್ಯಾನ್ಲಿ ಇರದಿದ್ದರೆ ಜನ ಆ ಹುಡುಗನ ಮಾತು ಕೇಳುತ್ತಲೇ ಇರಲಿಲ್ಲ. ತಮ್ಮನ್ನು ಕಿತ್ತುಹಾಕಿದ ಹುದ್ದೆಯಲ್ಲಿ ಈಗ ಕೂತವನ ಪಕ್ಕದಲ್ಲಿ ಅವರು ನಿಂತರಲ್ಲ, ಅದು ಸಣ್ಣ ವಿಷಯ ಅಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮಾಂಪೆಸನ್ ತಮ್ಮ ಮಕ್ಕಳನ್ನು ಮೊದಲೇ ಹೊರಗೆ ಕಳಿಸಿದ್ದರು. ಅಕ್ಕನಿಗೆ ಇದು ಸರಿಬರಲಿಲ್ಲ. ‘ಬೇರೆಯವರ ಮಕ್ಕಳು ಇರಬೇಕು, ಇವರ ಮಕ್ಕಳು ಹೋಗಬಹುದಾ?’ ಅಂದಳು. ಹೆಂಡತಿಯನ್ನೂ ಹೋಗು ಅಂತ ಕೇಳಿಕೊಂಡಿದ್ದರು, ಅವರು ಹೋಗಲಿಲ್ಲ, ಮನೆಮನೆಗೆ ಹೋಗಿ ರೋಗಿಗಳ ಸೇವೆ ಮಾಡುತ್ತಲೇ 1666ರ ಆಗಸ್ಟ್ 25ಕ್ಕೆ ತೀರಿಕೊಂಡರು. ಅಕ್ಕ ಸಮಾಧಿಯ ಮುಂದೆ ಬಹಳ ಹೊತ್ತು ನಿಂತಳು. ಅವಳ ಪ್ರಶ್ನೆ ಅವಳ ಹತ್ತಿರವೇ ಉಳಿಯಿತು. ನನ್ನ ಹತ್ತಿರವೂ ಉತ್ತರ ಇಲ್ಲ.

ಒಳಗೆ ಸತ್ತವರ ಹೆಸರುಗಳ ಪಟ್ಟಿ ಇದೆ. 14 ತಿಂಗಳಲ್ಲಿ 260 ಜನ. ಒಂದೇ ಮನೆತನದ ಹೆಸರು ಸಾಲಾಗಿ ಬರುತ್ತಾ ಹೋಗಿ ಒಂದು ಕಡೆ ನಿಂತುಬಿಡುತ್ತದೆ. ಆ ಮನೆಯಲ್ಲಿ ಇನ್ನು ಯಾರೂ ಇಲ್ಲ ಅಂತ ಅರ್ಥ.

ಮಧ್ಯಾಹ್ನ ಈಮ್ ಹಾಲ್ ಮುಂದೆ ಕೂತು ಬುತ್ತಿ ಬಿಚ್ಚಿದೆವು. ಪ್ಲೇಗು ಮುಗಿದ ಆರನೇ ವರ್ಷಕ್ಕೆ, 1672ರಲ್ಲಿ ಕಟ್ಟಿದ ದೊಡ್ಡ ಮನೆ. ಎದುರಿನ ಹುಲ್ಲುಹಾಸಿನಲ್ಲಿ, ತಪ್ಪು ಮಾಡಿದವರ ಕಾಲು ಸಿಕ್ಕಿಸಿ ಕೂರಿಸುತ್ತಿದ್ದ ಮರದ ಕೊರಡು. ಇದಿಷ್ಟೇ.

ಆಮೇಲೆ ರೈಲಿ ಸಮಾಧಿಗಳ ಕಡೆ ನಡೆದೆವು. ಊರಿಂದ ಪೂರ್ವಕ್ಕೆ ಅರ್ಧ ಮೈಲಿ, ಏರುದಾರಿ. ಇಳಿಜಾರಿನ ಹೊಲದ ನಡುವೆ ದುಂಡಗೆ ಒಂದು ಗಿಡ್ಡ ಕಲ್ಲುಗೋಡೆ, ಒಳಗೆ ಏಳು ಸಮಾಧಿ. ಎಲಿಜಬೆತ್ ಹ್ಯಾನ್‌ಕಾಕ್ ಅನ್ನುವ ಹೆಂಗಸು 1666ರ ಆಗಸ್ಟ್ 3ರಿಂದ 10ರ ಒಳಗೆ, ಎಂಟು ದಿನದಲ್ಲಿ, ಗಂಡನನ್ನು ಮತ್ತು ಆರು ಮಕ್ಕಳನ್ನು ಇಲ್ಲಿ ತಾನೇ ಗುಂಡಿ ತೋಡಿ ಹೂತಳು. ಮಾತು ಆಗಿತ್ತಲ್ಲ, ಅವರವರ ಮನೆಯವರನ್ನು ಅವರವರೇ ಹೂಳಬೇಕು ಅಂತ. ಹೆಣದ ಕಾಲಿಗೆ ಬಟ್ಟೆ ಕಟ್ಟಿ ಎಳೆದು ತಂದಳು ಅಂತ ಹೇಳುತ್ತಾರೆ. ಅವಳಿಗೆ ಮಾತ್ರ ರೋಗ ತಗಲಲೇ ಇಲ್ಲ.

ಆ ಕಲ್ಲುಗಳ ಪಕ್ಕದಲ್ಲಿ ಕೂತರೆ ಕೆಳಗೆ ಕಣಿವೆ, ಆ ಕಡೆ ಗುಡ್ಡ, ಎಲ್ಲ ಚೆನ್ನಾಗಿ ಕಾಣುತ್ತದೆ. ಓಡಿಹೋಗಬೇಕು ಅಂದರೆ ಇಳಿಜಾರು, ಅರ್ಧ ಗಂಟೆಯ ದಾರಿ. ಕಾವಲು ಕಾಯುವ ಸಿಪಾಯಿಗಳು ಇರಲಿಲ್ಲ. ಎಂಟು ದಿನ ಅವಳು ಈ ದಾರಿಯನ್ನು ದಿನಾ ನೋಡಿದ್ದಾಳೆ. ಎಲ್ಲ ಮುಗಿದ ಮೇಲೆ ಶೆಫೀಲ್ಡ್‌ನಲ್ಲಿ ಕೆಲಸ ಕಲಿಯುತ್ತಿದ್ದ, ಉಳಿದ ಒಬ್ಬನೇ ಮಗನ ಹತ್ತಿರ ಹೋದಳಂತೆ. ನಾವು ನಿನ್ನೆ ಬಸ್ಸು ಹತ್ತಿದ ಊರು.

ಸಂಜೆ ಇನ್ನೂ ಬೆಳಕಿತ್ತು ಅಂತ ಊರಿನ ಉತ್ತರಕ್ಕೆ ಮಾಂಪೆಸನ್ ಬಾವಿಗೂ ಹೋಗಿಬಂದೆವು. ಬಾವಿ ಅಂದರೆ ನಮ್ಮ ಸೇದುವ ಬಾವಿ ಅಲ್ಲ, ರಸ್ತೆ ಬದಿಯ ಸಣ್ಣ ಊಟೆ, ಮೇಲೆ ಕಲ್ಲು ಮುಚ್ಚಿದೆ. ಹೊರಗಿನವರು ಇಲ್ಲಿ ಸಾಮಾನು ಇಟ್ಟು ಹೋಗುತ್ತಿದ್ದರು, ಊರವರು ದುಡ್ಡನ್ನು ನೀರಿನಲ್ಲಿ ಬಿಟ್ಟು ಸಾಮಾನು ತಗೊಂಡು ಹೋಗುತ್ತಿದ್ದರು. ವಾಪಸ್ ಬರುವಾಗ ಬೀದಿಯಲ್ಲಿ ಹೂವಿನ ಹಲಗೆಗಳನ್ನು ನಿಲ್ಲಿಸಿಯಾಗಿತ್ತು. ಅಕ್ಕ ತುಂಬಿದ ಮೂಲೆ ಎಲ್ಲೂ ಕೆದರಿರಲಿಲ್ಲ.

ಭಾನುವಾರ

ಆಗಸ್ಟಿನ ಕೊನೆಯ ಭಾನುವಾರ ಈಮ್‌ನಲ್ಲಿ ಪ್ಲೇಗಿನ ಭಾನುವಾರ. ಪ್ಲೇಗಾಗಿ 200 ವರ್ಷ ತುಂಬಿದ 1866ರಿಂದ ನಡೆಸಿಕೊಂಡು ಬಂದಿದ್ದಾರೆ. ಊರವರು, ಹೊರಗಿನವರು ಎಲ್ಲ ಸೇರಿ ಕಕ್ಲೆಟ್ ಡೆಲ್ಫ್ ಅನ್ನುವ ತಗ್ಗಿಗೆ ನಡೆದು ಹೋಗುತ್ತಾರೆ. ಚರ್ಚು ಮುಚ್ಚಿದ ಮೇಲೆ ಪ್ರಾರ್ಥನೆ ನಡೆಯುತ್ತಿದ್ದ ಬಯಲು ಇದೇ. ಹುಲ್ಲಿನ ಇಳಿಜಾರು, ಒಂದು ಕಡೆ ಸುಣ್ಣಕಲ್ಲಿನ ಬಂಡೆ, ಅದರಲ್ಲಿ ಕಮಾನಿನ ಹಾಗೆ ಗವಿ. ಪಾದ್ರಿ ಬಂಡೆಯ ಬಳಿ ನಿಲ್ಲುತ್ತಿದ್ದರು, ಜನ ಮನೆಮನೆಯವರು ಬೇರೆಬೇರೆಯಾಗಿ, ನಡುವೆ ಜಾಗ ಬಿಟ್ಟು ನಿಲ್ಲುತ್ತಿದ್ದರು. ಕೊರೊನಾ ಕಾಲದಲ್ಲಿ ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ದುಂಡು ಗೆರೆಯೊಳಗೆ ನಿಂತಿದ್ದೆವಲ್ಲ, ನನಗೆ ತಕ್ಷಣ ಅದು ನೆನಪಾಯಿತು.

ಈ ಜಾಗಕ್ಕೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. ಎಮ್ಮಟ್ ಸಿಡಾಲ್ ಅಂತ ಈಮ್‌ನ ಹುಡುಗಿ, ಪಕ್ಕದ ಸ್ಟೋನಿ ಮಿಡಲ್ಟನ್ ಊರಿನ ರೋಲಂಡ್ ಟಾರ್ ಅಂತ ಹುಡುಗ. ಮದುವೆ ಆಗಬೇಕಿದ್ದವರು. ಪ್ಲೇಗು ಶುರುವಾದ ಮೇಲೆ ಇಲ್ಲಿ ಅವಳು ಈ ಕಡೆ, ಅವನು ಆ ಕಡೆ, ದೂರದಿಂದ ಮುಖ ನೋಡಿಕೊಂಡು ಹೋಗುತ್ತಿದ್ದರಂತೆ. 1666ರ ಏಪ್ರಿಲ್ ಕೊನೆಯಲ್ಲಿ ಅವಳು ಬರುವುದು ನಿಂತಿತು. ಅವನು ಬರುವುದು ನಿಲ್ಲಲಿಲ್ಲ. ನವೆಂಬರ್ 1ಕ್ಕೆ ಕೊನೆಯ ಸಾವು ಆಗಿ, ಊರು ತೆರೆದಾಗ ಮೊದಲು ಒಳಗೆ ಬಂದವರಲ್ಲಿ ಅವನೂ ಒಬ್ಬ.

ಪ್ರಾರ್ಥನೆ ಒಂದು ಗಂಟೆಯೂ ಇರಲಿಲ್ಲ. ಬ್ಯಾಂಡ್ ಇತ್ತು, ಜನ ಮಡಚುವ ಕುರ್ಚಿ ತಂದಿದ್ದರು, ಮಕ್ಕಳು ಇಳಿಜಾರಿನಲ್ಲಿ ಉರುಳುತ್ತಿದ್ದವು. ಹಾಡು ನಮಗೆ ಬರುವುದಿಲ್ಲ, ಎದ್ದು ನಿಂತುಕೊಂಡೆವು. ಶೆಡ್ಡಿನಲ್ಲಿ ಸಿಕ್ಕ ಅಜ್ಜಿ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅಕ್ಕನ ಪಕ್ಕದಲ್ಲಿ ನಿಂತು ಹಾಡಿನ ಹಾಳೆಯನ್ನು ಇಬ್ಬರಿಗೂ ಕಾಣುವ ಹಾಗೆ ಹಿಡಿದುಕೊಂಡರು. ಮಾಂಪೆಸನ್ ಆಮೇಲೆ ಏನಾದರು ಅಂತ ನಾನು ಅವರನ್ನೇ ಕೇಳಿದೆ. 1669ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಈಕ್ರಿಂಗ್ ಅನ್ನುವ ಊರಿಗೆ ಹೋದರಂತೆ. ಅಲ್ಲಿನ ಜನ ಪ್ಲೇಗಿನ ಊರಿಂದ ಬಂದವರು ಅಂತ ಹೆದರಿ ಒಳಗೆ ಬಿಟ್ಟುಕೊಳ್ಳಲಿಲ್ಲ, ಭಯ ಹೋಗುವ ತನಕ ಊರ ಹೊರಗೆ ಗುಡಿಸಲಲ್ಲಿ ಇರಬೇಕಾಯಿತು. ಸ್ಟ್ಯಾನ್ಲಿ ಮಾತ್ರ 1670ರಲ್ಲಿ ಈಮ್‌ನಲ್ಲೇ ತೀರಿಕೊಂಡರು.

ಸಾಮಾನು ಎತ್ತಿಕೊಂಡು, ಬಸ್ಸನ್ನು ಸ್ಟೋನಿ ಮಿಡಲ್ಟನ್‌ನಲ್ಲಿ ಹಿಡಿಯೋಣ ಅಂತ ಹೊಲದ ಕಾಲುದಾರಿಯಲ್ಲಿ ಇಳಿದೆವು. ಅರ್ಧ ದಾರಿಯಲ್ಲಿ ಗಡಿಕಲ್ಲು. ಅದನ್ನೇ ಕೊನೆಗೆ ಇಟ್ಟುಕೊಂಡಿದ್ದೆವು. ದೊಡ್ಡ ಸ್ಮಾರಕ ಅಲ್ಲ, ಹುಲ್ಲಿನಲ್ಲಿ ಅರ್ಧ ಹೂತ ಒಂದು ಬಂಡೆ. ಮೇಲೆ ಆರು ಕುಳಿ. ಆ ಕುಳಿಗಳಿಗೆ ವಿನೆಗರ್ ತುಂಬಿ, ಅದರೊಳಗೆ ನಾಣ್ಯ ಹಾಕಿ ಇಡುತ್ತಿದ್ದರು, ದುಡ್ಡಿನ ಜೊತೆ ರೋಗ ಹೋಗದಿರಲಿ ಅಂತ. ಸಾವು ಬಾಗಿಲಲ್ಲಿ ಕೂತಿರುವಾಗಲೂ ಬ್ರೆಡ್ಡಿನ ಹಣ ಕೊಡದೆ ಬಿಡಲಿಲ್ಲ, ಕೊಟ್ಟ ಹಣವನ್ನೂ ತೊಳೆದು ಕೊಟ್ಟರು. ಕುಳಿಗಳ ಅಂಚು ಸವೆದು ನುಣುಪಾಗಿದೆ. ನಾನು ಒಂದಕ್ಕೆ ಬೆರಳು ಇಳಿಸಿದೆ. ತಳದಲ್ಲಿ ಪಾಚಿ, ಒಂದಿಷ್ಟು ಮಳೆನೀರು, ಯಾರೋ ಹಾಕಿಹೋದ ತಾಮ್ರದ ಬಿಲ್ಲೆ. ಅಕ್ಕನೂ ಪರ್ಸಿನಿಂದ ಒಂದು ನಾಣ್ಯ ತೆಗೆದು ಪಕ್ಕದ ಕುಳಿಗೆ ಹಾಕಿದಳು.

ಸುತ್ತಲಿನ ಹಳ್ಳಿಗಳಿಗೆ ಪ್ಲೇಗು ಹೋಗಲಿಲ್ಲ.

ಸ್ಟೋನಿ ಮಿಡಲ್ಟನ್‌ನಲ್ಲಿ ಎಂಟು ಮೂಲೆಯ ಅಪರೂಪದ ಚರ್ಚು ಇದೆ, ಹೊರಗಿನಿಂದಲೇ ನೋಡಿದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕ್ಕ ಊರಿಗೆ ಫೋನು ಹಚ್ಚಿದಳು. ಅಮ್ಮ ಇನ್ನೂ ಮಲಗಿರಲಿಲ್ಲ. ‘ಅಮ್ಮ, ಪ್ಲೇಗಿನಾಗೆ ಊರು ಬಿಟ್ಟಾಗ ನಮ್ಮೋರು ಗುಡ್ಲು ಹಾಕಿದ್ರಲ್ಲ, ಅದು ಯಾವ ಹೊಲ?’

‘ಇಷ್ಟು ಹೊತ್ನಲ್ಲಿ ಅದ್ಯಾಕೆ ಕೇಳ್ತೀಯೇ? ಕೆರೆ ಹಿಂದಿಂದು. ಅದ್ಕೇ ಅಲ್ವೇನೆ ಅದನ್ನ ಗುಡ್ಲು ಹೊಲ ಅನ್ನೋದು’ ಅಂದರು ಅಮ್ಮ. ‘ಈಗ ಅಡಿಕೆ ಹಾಕವ್ರೆ.’